ನೀಪರ್ ದಂಡೆಗೆ ಬಂದು ಬಿದ್ದವರು

2019ರ ಬೇಸಿಗೆಯಲ್ಲಿ ಉಕ್ರೇನಿನ ಖೆರ್ಸಾನ್‌ನಿಂದ ಬೆರಿಸ್ಲಾವ್‌ಗೆ ಹೊರಟ ವ್ಯಾನಿನಲ್ಲಿ ನನಗೆ ಸಿಕ್ಕಿದ್ದು ಕೊನೆಯ ಸೀಟು, ಕಾಲ ಬಳಿ ಯಾರದೋ ಟೊಮೆಟೊ ಪೆಟ್ಟಿಗೆ. ಕಿಟಕಿಯಾಚೆ ಮುಗಿಯದ ಸೂರ್ಯಕಾಂತಿ ಹೊಲ, ರಸ್ತೆ ಬದಿಯಲ್ಲಿ ಕಲ್ಲಂಗಡಿ ರಾಶಿ. ಬೆರಿಸ್ಲಾವ್ ದಾಟಿ ಸ್ವಲ್ಪ ಮುಂದೆ ಹೋದರೆ ನೀಪರ್ ನದಿಯ ಬಲದಂಡೆಯಲ್ಲಿ ಝ್ಮಿಯಿವ್ಕಾ. ಸ್ವೀಡನ್ನಿನ ದೊರೆ 16ನೇ ಕಾರ್ಲ್ ಗುಸ್ತಾಫ್ 2008ರಲ್ಲಿ ಈ ಹಳ್ಳಿಗೆ ಖುದ್ದಾಗಿ ಬಂದಿದ್ದರು ಎಂದು ಓದಿದಂದಿನಿಂದ ನೋಡಬೇಕೆಂಬ ಹಟ ಹತ್ತಿತ್ತು.

ಮೊದಲು ಹೋದದ್ದು ಹಳೆಯ ಸ್ಮಶಾನಕ್ಕೆ. ಹುಲ್ಲಿನಲ್ಲಿ ಅರ್ಧ ಮುಳುಗಿದ ಕಲ್ಲಿನ ಶಿಲುಬೆಗಳು. ಬೆರಳಿನಿಂದ ಪಾಚಿ ಒರೆಸಿದರೆ ಲ್ಯಾಟಿನ್ ಅಕ್ಷರಗಳು. ಕ್ನುಟಾಸ್, ಉಟಾಸ್, ಮಾಲ್ಮಾಸ್, ಬುಸ್ಕಾಸ್ ಎಂಬವು ಇಲ್ಲಿನ ಹಳೆಯ ಮನೆತನಗಳು. ಇವರು ಬಾಲ್ಟಿಕ್ ಸಮುದ್ರದ ಡಾಗೋ ದ್ವೀಪದ ಸ್ವೀಡಿಷ್ ರೈತರು. ಇಂದು ಅದು ಎಸ್ಟೋನಿಯಾದ ಹಿಯುಮಾ. ಜಮೀನ್ದಾರನೊಂದಿಗೆ ವ್ಯಾಜ್ಯವಾಗಿ ನೆಲೆ ತಪ್ಪಿದಾಗ, ರಷ್ಯಾದ ರಾಣಿ ಎರಡನೇ ಕ್ಯಾಥರೀನ್ ಆಗಷ್ಟೇ ಗೆದ್ದುಕೊಂಡಿದ್ದ ದಕ್ಷಿಣದ ಹುಲ್ಲುಗಾವಲಿನಲ್ಲಿ ಜಮೀನು ತೋರಿಸಿದಳು. 1781ರ ಆಗಸ್ಟ್‌ನಲ್ಲಿ ಸುಮಾರು ಸಾವಿರ ಜನ ಕಾಲ್ನಡಿಗೆಯಲ್ಲಿ ಹೊರಟರು. ಚಳಿಗಾಲ ದಾರಿಯಲ್ಲೇ ಕಳೆಯಿತು. 1782ರ ಮೇ ತಿಂಗಳಲ್ಲಿ ಬಂದು ನೋಡಿದರೆ ವಾಸಕ್ಕೆ ಮನೆಯೇ ಇಲ್ಲ. ಮರುವರ್ಷದ ಚರ್ಚ್ ದಾಖಲೆಯಲ್ಲಿ ಬದುಕುಳಿದವರ ಲೆಕ್ಕ 135. ರಾಣಿಯ ಔದಾರ್ಯವನ್ನು ಹೊಗಳುವವರು ಈ ಸಂಖ್ಯೆಯನ್ನೂ ಜೊತೆಗಿಟ್ಟುಕೊಂಡು ಹೊಗಳಬೇಕು.

ಆ 135 ಜನರ ಪೀಳಿಗೆಯೇ ಮುಂದೆ ಗಮ್ಮಲ್‌ಸ್ವೆನ್ಸ್ಕ್‌ಬಿ, ಅಂದರೆ ‘ಹಳೆ ಸ್ವೀಡಿಷ್ ಹಳ್ಳಿ’, ಎಂಬ ಊರಾಗಿ ಬೆಳೆಯಿತು. ಅದೀಗ ಝ್ಮಿಯಿವ್ಕಾದ ಭಾಗ. 19ನೇ ಶತಮಾನದ ಆರಂಭದಲ್ಲಿ ಪಕ್ಕದಲ್ಲೇ ಜರ್ಮನ್ನರು ಬಂದು ನೆಲೆಸಿದರು. ಸ್ವೀಡಿಷರು 1885ರಲ್ಲಿ ಕಟ್ಟಿದ ಲೂಥರನ್ ಚರ್ಚ್ 2019ರಲ್ಲಿ ಇನ್ನೂ ನಿಂತಿತ್ತು, ಆದರೆ ನೆತ್ತಿಯ ಮೇಲೆ ಆರ್ಥೊಡಾಕ್ಸ್ ಗುಮ್ಮಟ. ನಾನು ಹೋದಾಗ ಬಾಗಿಲಿಗೆ ಬೀಗವಿತ್ತು.

1929ರಲ್ಲಿ ಊರಿನ ಹೆಚ್ಚುಕಡಿಮೆ ಎಲ್ಲರೂ, ಸುಮಾರು ಒಂಬೈನೂರು ಜನ, ಸ್ವೀಡನ್‌ಗೆ ಮರಳಿದರು. ಅಲ್ಲಿ ಅದ್ದೂರಿ ಸ್ವಾಗತವೇನೋ ಸಿಕ್ಕಿತು. ಆದರೆ ಒಂದೇ ಕಡೆ ಊರು ಕಟ್ಟಿಕೊಳ್ಳಲು ಜಾಗ ಸಿಗಲಿಲ್ಲ. ಚದುರಿ ಹೋಗಿ ಬೇರೆಯವರ ಹೊಲಗಳಲ್ಲಿ ದುಡಿಯಬೇಕಾಯಿತು. ಹಲವರು ಗಾಟ್‌ಲ್ಯಾಂಡ್ ದ್ವೀಪದಲ್ಲಿ ಬೇರೂರಿದರು, ಕೆಲವರು ಕೆನಡಾಕ್ಕೆ ಹೋದರು, ಇನ್ನೂರೈವತ್ತರಷ್ಟು ಜನ ಸೋವಿಯತ್ ಒಕ್ಕೂಟದ ಇದೇ ಊರಿಗೆ ವಾಪಸ್ ಬಂದರು! ಓದುವವರಿಗೆ ಹುಚ್ಚು ಎನಿಸಬಹುದು. ಆ ಚದುರಿದ ಬಾಳನ್ನು ನೆನೆದರೆ ನನಗೆ ಹಾಗೆನಿಸುವುದಿಲ್ಲ. ಬಂದವರಿಗೆ ಕಾದಿದ್ದದ್ದು ಸಾಮೂಹಿಕ ಬೇಸಾಯ, 1932–33ರ ಮಹಾಕ್ಷಾಮ, ಆಮೇಲೆ ಸ್ಟಾಲಿನ್ ಕಾಲದ ಬಂಧನ, ಗುಂಡೇಟು. 1943ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಇವರನ್ನು ಜೊತೆಗೆ ಕರೆದೊಯ್ದಿತು. ಯುದ್ಧ ಮುಗಿದ ಮೇಲೆ ಸೋವಿಯತ್ ಅಧಿಕಾರಿಗಳು ಹಿಡಿದು ಉತ್ತರದ ಶ್ರಮಶಿಬಿರಗಳಿಗೆ ಅಟ್ಟಿದರು.

ಅಂಗಡಿಯ ಮುಂದಿನ ಬೆಂಚಿನಲ್ಲಿ ಸೂರ್ಯಕಾಂತಿ ಬೀಜ ಬಿಡಿಸುತ್ತ ಕುಳಿತಿದ್ದ ಅಜ್ಜಿಯೊಬ್ಬರು ನನ್ನ ಜೊತೆಗಿದ್ದ ಹುಡುಗಿಯ ಮೂಲಕ ಮಾತಿಗಿಳಿದರು.

"ಅಜ್ಜಿ, ನೀವೂ ಸ್ವೀಡಿಷರೇ?"

"ಇಲ್ಲಪ್ಪ, ನಾವು ಬೆಟ್ಟದವರು. ಬೊಯ್ಕೊ ಜನ."

1951ರಲ್ಲಿ ಪೋಲೆಂಡ್ ಮತ್ತು ಸೋವಿಯತ್ ಒಕ್ಕೂಟ ಗಡಿಯ ತುಂಡುಗಳನ್ನು ಅದಲುಬದಲು ಮಾಡಿಕೊಂಡಾಗ, ಕಾರ್ಪೇಥಿಯನ್ ತಪ್ಪಲಿನ ಈ ಜನರನ್ನು ರೈಲು ತುಂಬಿ ದಕ್ಷಿಣಕ್ಕೆ ಸಾಗಿಸಲಾಗಿತ್ತು. ಬಯಲಿನಲ್ಲಿ ಒಂದು ಮರವೂ ಕಾಣದೆ ತನ್ನ ತಾಯಿ ವಾರಗಟ್ಟಲೆ ಅತ್ತಿದ್ದಳಂತೆ. "ಈಗ ಆ ಬೆಟ್ಟಕ್ಕೆ ಹೋದರೆ ನನಗೆ ಉಸಿರು ಕಟ್ಟುತ್ತದೆ" ಎಂದು ನಕ್ಕು, ನನ್ನ ಕೈಗೂ ಒಂದು ಹಿಡಿ ಬೀಜ ಸುರಿದರು. ಉಗುರಿನಲ್ಲಿ ಬಿಡಿಸಲು ಹೊರಟ ನನ್ನನ್ನು ತಡೆದು, ಹಲ್ಲಿನ ತುದಿಯಲ್ಲಿ ಸೀಳಿ ಸಿಪ್ಪೆಯನ್ನು ತುಟಿಯಂಚಿಗೆ ತಳ್ಳುವ ಕ್ರಮ ತೋರಿಸಿದರು. ಸ್ವೀಡಿಷರ ಹಳೆಯ ಆಡುನುಡಿ ಬಲ್ಲವರು ಬೆರಳೆಣಿಕೆಯ ವೃದ್ಧೆಯರು ಮಾತ್ರ ಉಳಿದಿದ್ದಾರೆಂದೂ ಹೇಳಿದರು.

ಸಂಜೆ ದಂಡೆಗೆ ಹೋದೆ. ನೀಪರ್ ಅಲ್ಲಿ ನದಿಯಂತೆ ಕಾಣುತ್ತಿರಲಿಲ್ಲ. ಕಖೋವ್ಕಾ ಅಣೆಕಟ್ಟೆಯ ಹಿನ್ನೀರು, ಎದುರು ದಂಡೆ ಒಂದು ತೆಳು ಗೆರೆ. 2023ರ ಜೂನ್ 6ರಂದು ಆ ಕಟ್ಟೆ ಒಡೆಯಿತು, ಹಿನ್ನೀರು ಬರಿದಾಯಿತು. ಅದಕ್ಕೂ ಮೊದಲೇ, 2022ರಲ್ಲಿ, ರಷ್ಯಾ ಸೇನೆ ಊರನ್ನು ವಶಪಡಿಸಿಕೊಂಡು ನವೆಂಬರ್‌ವರೆಗೆ ಕೂತಿತ್ತು. ಈಗ ಆ ಸೇನೆ ಎಡದಂಡೆಯಲ್ಲಿದೆ, ಊರು ಫಿರಂಗಿಯ ಹೊಡೆತಕ್ಕೆ ಸಿಗುವಷ್ಟು ಹತ್ತಿರ. ಗಾಟ್‌ಲ್ಯಾಂಡ್‌ನ ರೋಮಾ ಎಂಬಲ್ಲಿ, 1929ರಲ್ಲಿ ಮರಳಿದವರ ಮಕ್ಕಳು ಮೊಮ್ಮಕ್ಕಳ ಸಂಘವಿದೆ. ಝ್ಮಿಯಿವ್ಕಾಕ್ಕೆ ನೆರವು ಕಳುಹಿಸುವವರಲ್ಲಿ ಅವರೂ ಇದ್ದಾರೆ.