ಬಿತ್ತಿದಲ್ಲೇ ಬೆಳೆಯಬೇಕಾದ ಹೂ: ವಾರ್ಷಿಕ ಮ್ಯಾಲೋ

ಮ್ಯಾಲೋ ಸಸಿ ಮಣ್ಣಿನ ಮೇಲೆ ಎರಡೇ ಎಲೆ ಬಿಟ್ಟು ನಿಂತಿರುವಾಗ, ಅದರ ತಾಯಿಬೇರು ಆಗಲೇ ಬೆರಳುದ್ದ ಕೆಳಗಿಳಿದಿರುತ್ತದೆ. ಈ ಹೂವನ್ನು ಬೆಳೆಸುವಾಗ ಆಗುವ ತೊಂದರೆಗಳಲ್ಲಿ ಹೆಚ್ಚಿನವು ಈ ಬೇರಿನಿಂದಲೇ ಶುರುವಾಗುತ್ತವೆ. ಟ್ರೇಯಲ್ಲಿ ಸಸಿ ಮಾಡಿಕೊಂಡು ಆಮೇಲೆ ಕಿತ್ತು ನೆಟ್ಟರೆ ಬೇರಿನ ತುದಿ ಮುರಿಯುತ್ತದೆ, ಗಿಡ ಒಣಗದಿದ್ದರೂ ಕುಗ್ಗಿ ಕೂರುತ್ತದೆ. ಮೊಳದುದ್ದ ಬೆಳೆಯುವ ಮೊದಲೇ ನಾಲ್ಕು ಹೂ ಬಿಟ್ಟು ಮುಗಿಸುತ್ತದೆ. ಅದೇ ಬೀಜವನ್ನು ಹೂಬಿಡಬೇಕಾದ ಜಾಗದಲ್ಲೇ ಹಾಕಿದರೆ ಎದೆಮಟ್ಟಕ್ಕೆ ಬರುವ ಪೊದೆಯಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಲವಾಟೆರಾ ಟ್ರೈಮೆಸ್ಟ್ರಿಸ್ ಬಗ್ಗೆ. ಸಸ್ಯಶಾಸ್ತ್ರಜ್ಞರು ಇದನ್ನು ಈಗ ಮಾಲ್ವಾ ಟ್ರೈಮೆಸ್ಟ್ರಿಸ್ ಎನ್ನುತ್ತಾರೆ, ಬೀಜದ ಪೊಟ್ಟಣದ ಮೇಲೆ ಎರಡರಲ್ಲಿ ಯಾವ ಹೆಸರಿದ್ದರೂ ಗಿಡ ಒಂದೇ. ಮೂಲ ನೆಲೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳು. ದಾಸವಾಳ, ಬೆಂಡೆ, ಹತ್ತಿಯ ಬಳಗಕ್ಕೇ ಸೇರಿದ್ದು, ಹೂವಿನ ನಡುವೆ ಕೇಸರಗಳು ಒಂದಾಗಿ ಕಂಬದಂತೆ ನಿಂತಿರುವುದನ್ನು ನೋಡಿದರೆ ನೆಂಟಸ್ತನ ತಿಳಿಯುತ್ತದೆ. ಟ್ರೈಮೆಸ್ಟ್ರಿಸ್ ಎಂದರೆ ಮೂರು ತಿಂಗಳಿನದು ಎಂದರ್ಥ. ಬಿತ್ತಿದ 10-12 ವಾರಕ್ಕೆ ಹೂ ಕಾಣುವ ಗಿಡಕ್ಕೆ ಒಪ್ಪುವ ಹೆಸರು.

ತಳಿಗಳಲ್ಲಿ ಸಿಲ್ವರ್ ಕಪ್ ಹೊಳೆಯುವ ಗುಲಾಬಿ ಬಣ್ಣದ್ದು, ದಳದ ಮೇಲೆ ಗಾಢ ಗೆರೆಗಳಿರುತ್ತವೆ, ಎತ್ತರ 60-75 ಸೆಂ.ಮೀ. ಮಾಂಟ್ ಬ್ಲಾಂಕ್ ಅಪ್ಪಟ ಬಿಳಿ, ಇನ್ನೂ ಸ್ವಲ್ಪ ಗಿಡ್ಡ. ಲವ್ಲಿನೆಸ್ 90 ಸೆಂ.ಮೀ. ದಾಟುತ್ತದೆ. ಕುಂಡಕ್ಕೆ ಮಾಂಟ್ ಬ್ಲಾಂಕ್, ಬೇಲಿಯ ಬುಡಕ್ಕೆ ಲವ್ಲಿನೆಸ್ ಸರಿ. ಒಂದೇ ಆರಿಸಬೇಕಾದರೆ ಸಿಲ್ವರ್ ಕಪ್ ಅನ್ನೇ ಆರಿಸಿ. ಗಾಳಿಗೆ ಅಷ್ಟಾಗಿ ಬಾಗುವುದಿಲ್ಲ, ಹೂವೂ ದೊಡ್ಡದು, 8-10 ಸೆಂ.ಮೀ. ಅಗಲಕ್ಕೆ ಅರಳುತ್ತದೆ.

ಹಿಮ ಬೀಳುವ ಕಡೆ ಕೊನೆಯ ಹಿಮದ ಭಯ ಕಳೆದ ಮೇಲೆ ಬಿತ್ತಬೇಕು. ಬೇಸಿಗೆ ಸುಡುವ ಕಡೆ ತಂಪಿನ ಕಾಲ ಶುರುವಾಗುತ್ತಿದ್ದಂತೆ ಬಿತ್ತುವುದು ಒಳ್ಳೆಯದು. ಮಣ್ಣಿನ ಬಿಸಿ 15-20 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಳಕೆ ಚೆನ್ನಾಗಿ ಬರುತ್ತದೆ. ಕಡು ಬಿಸಿಲಿನ ಕಾಲಕ್ಕೆ ಹೂಬಿಡುವ ಹಾಗೆ ಬಿತ್ತಿದರೆ ಹೂ ಸಣ್ಣದಾಗಿ ಗಿಡ ಬೇಗ ಬೀಜಕ್ಕೆ ತಿರುಗುತ್ತದೆ.

ಜಾಗಕ್ಕೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಮಣ್ಣನ್ನು 25-30 ಸೆಂ.ಮೀ. ಆಳಕ್ಕೆ ಸಡಿಲ ಮಾಡಿ, ಕಲ್ಲು ಆರಿಸಿ, ಹೆಂಟೆ ಒಡೆಯಿರಿ. ಆಳದಲ್ಲಿ ಗಟ್ಟಿ ಪದರ ಸಿಕ್ಕಿದರೆ ಬೇರು ಅಲ್ಲೇ ತಿರುಚಿಕೊಳ್ಳುತ್ತದೆ. ಗೊಬ್ಬರದ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ಚೆನ್ನಾಗಿ ಕಳಿತ ಕಾಂಪೋಸ್ಟ್ ಒಂದು ತೆಳು ಪದರ ಸಾಕು. ಸಾರಜನಕ ಹೆಚ್ಚಾದರೆ ಎಲೆ ಅಂಗೈಯಗಲ ಬೆಳೆದು, ಕಾಂಡ ಒಳಗೆ ನೀರು ತುಂಬಿಕೊಂಡಂತೆ ಮೆತ್ತಗಾಗಿ, ಮೊದಲ ಜೋರು ಮಳೆಗೇ ಗಿಡ ಮಲಗುತ್ತದೆ. ಹೂ ಎಲೆಯ ಮರೆಗೆ ಹೋಗುತ್ತದೆ. ಬಡ ಮಣ್ಣಿನ ಗಿಡವೇ ಚೆಂದ.

ಬೀಜದ ಸಿಪ್ಪೆ ಗಟ್ಟಿ. ಕೆಲವು ಬೀಜಗಳು ಒಂದು ವಾರಕ್ಕೆ ಮೊಳೆತರೆ ಇನ್ನು ಕೆಲವು ಮೂರು ವಾರ ಸುಮ್ಮನೆ ಬಿದ್ದಿರುವುದು ಇದೇ ಕಾರಣಕ್ಕೆ, ನೀರು ಒಳಹೋಗುವುದಿಲ್ಲ. ಹಿಂದಿನ ರಾತ್ರಿ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಕೂಡಲೇ ಬಿತ್ತಿ. ಉಬ್ಬದೆ ಉಳಿದವನ್ನು ಮರಳು ಕಾಗದದ ಮೇಲೆ ಎರಡು ಮೂರು ಬಾರಿ ಮೆಲ್ಲಗೆ ಉಜ್ಜಿ ಮತ್ತೆ ನೆನೆಸಿ. ಸಿಪ್ಪೆ ಮಂಕಾದರೆ ಸಾಕು, ಒಳಗಿನ ಬಿಳಿ ಕಾಣುವ ತನಕ ಉಜ್ಜಿದರೆ ಮೊಳಕೆಗೇ ಪೆಟ್ಟು. ನೆನೆದ ಬೀಜವನ್ನು 24 ಗಂಟೆಗಿಂತ ಹೆಚ್ಚು ನೀರಿನಲ್ಲಿ ಬಿಡಬೇಡಿ, ಕೊಳೆಯುತ್ತದೆ.

ಒಂದು ಸೆಂ.ಮೀ. ಆಳದ ಗುಳಿಯಲ್ಲಿ ಮೂರು ಬೀಜ, ಗುಳಿಯಿಂದ ಗುಳಿಗೆ ಒಂದು ಮೊಳ, ಅಂದರೆ ಸುಮಾರು 45 ಸೆಂ.ಮೀ. ಅಂತರ. ಮೇಲೆ ಪುಡಿಮಣ್ಣು ಮುಚ್ಚಿ, ಅಂಗೈಯಿಂದ ಒತ್ತಿ, ಸಣ್ಣ ತೂತಿನ ಝಾರಿಯಿಂದ ನೀರು ಹಾಕಿ. ಮೊಳಕೆ ಬರುವ ತನಕ ಮೇಲ್ಮಣ್ಣು ಒಣಗಿ ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು. ಮೊದಲು ಕಾಣುವುದು ಹೃದಯದಾಕಾರದ ಬೀಜದಳಗಳು. ಆಮೇಲೆ ಬರುವ ನಿಜವಾದ ಎಲೆಗಳು ದುಂಡಗೆ, ಅಂಚು ಹಲ್ಲುಹಲ್ಲಾಗಿರುತ್ತವೆ. ಕಳೆ ಕೀಳುವಾಗ ಈ ಗುರುತು ನೆನಪಿರಲಿ.

ಸಸಿ 5-7 ಸೆಂ.ಮೀ. ಆದಾಗ ಪ್ರತಿ ಗುಳಿಯಲ್ಲಿ ಬಲವಾದ ಒಂದನ್ನು ಬಿಟ್ಟು ಉಳಿದವನ್ನು ಕತ್ತರಿಯಿಂದ ಬುಡಕ್ಕೇ ಕತ್ತರಿಸಿ. ಕೀಳಬಾರದು, ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ. ಚೆನ್ನಾಗಿರುವ ಸಸಿಯನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಮೂರನ್ನೂ ಉಳಿಸಿಕೊಂಡರೆ ಮೂರೂ ಕಡ್ಡಿಯಂತೆ ಬೆಳೆದು, ನಡುವೆ ಗಾಳಿಯಾಡದೆ ಕೆಳಗಿನ ಎಲೆ ಹಳದಿಯಾಗುತ್ತದೆ.

ಟ್ರೇ ಬಿಟ್ಟರೆ ಬೇರೆ ದಾರಿಯೇ ಇಲ್ಲದವರು, ಬಸವನಹುಳು ವಿಪರೀತ ಇರುವ ತೋಟದವರು, ಕಾಗದದ ಕೊಳವೆಯಲ್ಲಿ ಒಂದೊಂದೇ ಬೀಜ ಹಾಕಿ, ಮೂರನೆಯ ಎಲೆ ಬರುವ ಮೊದಲೇ ಕೊಳವೆ ಸಮೇತ ಮಣ್ಣಿಗೆ ಇಳಿಸಬಹುದು. ಕೊಳವೆಯ ಅಂಚು ಮಣ್ಣಿನಿಂದ ಮೇಲೆ ಉಳಿಯಬಾರದು. ಉಳಿದರೆ ಕಾಗದ ಬತ್ತಿಯಂತೆ ತೇವವನ್ನು ಮೇಲೆಳೆದು ಬುಡ ಒಣಗಿಸುತ್ತದೆ.

ಬೇರೂರಿದ ಮೇಲೆ ವಾರಕ್ಕೆ ಒಂದೆರಡು ಸಲ ಬುಡಕ್ಕೆ ಆಳವಾಗಿ ನೀರು ಕೊಟ್ಟರೆ ಸಾಕು, ದಿನವೂ ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿಯುತ್ತದೆ. ಎತ್ತರದ ತಳಿಗೆ 30 ಸೆಂ.ಮೀ. ಆದಾಗಲೇ ಕವಲುಕಡ್ಡಿಗಳನ್ನು ಸುತ್ತ ಊರಿ. ಬಿದ್ದ ಮೇಲೆ ಎತ್ತಿ ಕಟ್ಟಿದ ಗಿಡ ನೇರ ನಿಲ್ಲುವುದಿಲ್ಲ, ಬುಡದಲ್ಲಿ ಸೀಳುತ್ತದೆ.

ಇದರ ದೊಡ್ಡ ಶತ್ರು ತುಕ್ಕು ರೋಗ. ಪಕ್ಸಿನಿಯಾ ಮಾಲ್ವೇಸಿಯಾರಮ್ ಎಂಬ ಶಿಲೀಂಧ್ರದಿಂದ ಬರುತ್ತದೆ. ಎಲೆಯ ಮೇಲೆ ಹಳದಿ ಚುಕ್ಕೆ ಕಂಡ ಕೂಡಲೇ ಎಲೆ ಮಗುಚಿ ನೋಡಿ, ಅಡಿಯಲ್ಲಿ ಕಿತ್ತಳೆ ಕಂದು ಗುಳ್ಳೆಗಳಿದ್ದರೆ ಅದೇ. ಗೋಧಿಯ ಕೆಲವು ತುಕ್ಕುಗಳಂತೆ ಇದಕ್ಕೆ ಬೇರೊಂದು ಜಾತಿಯ ಗಿಡದ ಹಂಗಿಲ್ಲ, ಮ್ಯಾಲೋ ಬಳಗದಲ್ಲೇ ಬದುಕಿ ಹರಡುತ್ತದೆ. ಹತ್ತಿರದ ಹಾಲಿಹಾಕ್ ಗಿಡ, ಬೇಲಿಯ ಕಾಡು ಮ್ಯಾಲೋ ಇವೆಲ್ಲ ಅದರ ಮನೆಗಳೇ. ಕೆಳಗಿನ ಸೋಂಕಿನ ಎಲೆಗಳನ್ನು ಅವುಗಳ ಮೇಲಿನ ತೇವ ಆರಿದ ಹೊತ್ತಿನಲ್ಲಿ ಕಿತ್ತು ತೋಟದಿಂದ ಹೊರಗೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಎಲೆಯ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ, ಮುಂದಿನ ಸಲ ಬೇರೆ ಜಾಗದಲ್ಲಿ ಬಿತ್ತಿ. ಗಿಡಹೇನು ಕುಡಿಗೆ ಮುತ್ತಿದರೆ ಜೋರು ನೀರಿನ ಧಾರೆಗೆ ಉದುರುತ್ತದೆ. ಜೇನುನೊಣ ದಿನವಿಡೀ ಬರುವ ಹೂವಿದು, ಅರಳಿದ ಗಿಡಕ್ಕೆ ಕೀಟನಾಶಕ ಹೊಡೆಯಲೇಬಾರದು.

ಬಾಡಿದ ಹೂ ತೆಗೆಯುತ್ತಿದ್ದರೆ ಮೊಗ್ಗು ಬರುತ್ತಲೇ ಇರುತ್ತವೆ. ಹೂದಾನಿಗೆ ಬೇಕಾದರೆ ಸುತ್ತಿಕೊಂಡ ಮೊಗ್ಗು ಬಿಚ್ಚಲು ಶುರುವಾದ ಕೊಂಬೆಯನ್ನು ಬೆಳಿಗ್ಗೆ ಕತ್ತರಿಸಿ, ಪೂರ್ತಿ ಅರಳಿದ್ದು ಬೇಗ ಮುದುಡುತ್ತದೆ.

ಕೊನೆಯ ವಾರಗಳಲ್ಲಿ ಕೆಲವು ಹೂಗಳನ್ನು ಗಿಡದಲ್ಲೇ ಬಿಡಿ. ಹೂವಿನ ಬುಡದ ಹಸಿರು ಬಟ್ಟಲಾದ ಪುಷ್ಪಪಾತ್ರೆಯೊಳಗೆ ಬೀಜಗಳು ಚಕ್ರದಂತೆ ಸುತ್ತ ಜೋಡಿಸಿಕೊಂಡಿರುತ್ತವೆ, ಮೇಲೆ ಪುಟ್ಟ ಕೊಡೆಯಂಥ ತಟ್ಟೆಯೊಂದು ಮುಚ್ಚಿರುತ್ತದೆ. ಇದೇ ಬಳಗದ ಇತರ ಹೂಗಳಿಂದ ಇದನ್ನು ಬೇರ್ಪಡಿಸಿ ಗುರುತಿಸಲು ಆ ಕೊಡೆಯೇ ಸಾಕು. ಚಕ್ರ ಕಂದಾಗಿ ಬೆರಳು ತಾಗಿದರೆ ಬಿಡಿಬಿಡಿಯಾಗುವ ಹದದಲ್ಲಿ ಬಿಡಿಸಿ, ನೆರಳಲ್ಲಿ ಒಂದು ವಾರ ಒಣಗಿಸಿ, ಕಾಗದದ ಲಕೋಟೆಯಲ್ಲಿ ತಳಿಯ ಹೆಸರು ಮತ್ತು ವರ್ಷ ಬರೆದಿಡಿ. ಬಿಳಿ, ಗುಲಾಬಿ ಎರಡನ್ನೂ ಹತ್ತಿರದಲ್ಲಿ ಬೆಳೆದಿದ್ದರೆ ಜೇನುನೊಣ ಪರಾಗ ಬೆರೆಸಿರುತ್ತದೆ, ಆ ಬೀಜದಿಂದ ಅಚ್ಚ ಬಿಳಿಯೇ ಬರುತ್ತದೆಂದು ಲೆಕ್ಕ ಹಾಕಬೇಡಿ.