ಮಾರ್ಗೋ ಗೇಟಿನ ಮುಂದೆ

"ಮಾಮ, ಅಪಾಯಿಂಟ್‌ಮೆಂಟ್ ತಗೊಂಡಿದೀಯ ತಾನೆ?"

ಅಕ್ಕನ ಮಗಳು ಇದನ್ನು ಕೇಳಿದ್ದು ರೈಲು ಫ್ರಾನ್ಸಿನ ಬೋರ್ಡೋ ಬಿಟ್ಟ ಮೇಲೆ. ನಾವು ಹೊರಟಿದ್ದು ಶಾತೋ ಮಾರ್ಗೋ ಎಂಬ ಹೆಸರಾಂತ ವೈನ್ ತೋಟ ನೋಡಲು. ನಾನು ಕಿಟಕಿ ಕಡೆ ತಿರುಗಿದೆ. ಅವಳಿಗೆ ಉತ್ತರ ಸಿಕ್ಕಿತು. ದ್ರಾಕ್ಷಿ ಕೃಷಿ ಓದಲು ಬಂದ ಹುಡುಗಿ ಅವಳು. ತೋಟ ಅಂದರೆ ಗೇಟು ತಳ್ಳಿ "ಯಾರಿದೀರಿ?" ಅಂತ ಕೂಗಿ ಒಳಗೆ ಹೋಗುವ ಜಾಗ ಅಂದುಕೊಂಡವನು ನಾನು.

ಬೋರ್ಡೋದಿಂದ ಉತ್ತರಕ್ಕೆ ಹೊರಟ ಈ ಸಣ್ಣ ರೈಲು ಒಂದು ಗಂಟೆಯೊಳಗೆ ಮಾರ್ಗೋ ಸ್ಟೇಷನ್ನಿಗೆ ಬಿಡುತ್ತದೆ. ಅಲ್ಲಿಂದ ನಡಿಗೆ. ಜೂನ್ ಕೊನೆಯ ಬಿಸಿಲು, ಎರಡೂ ಕಡೆ ದ್ರಾಕ್ಷಿ. ನಮ್ಮ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಗೆ ಚಪ್ಪರ ಹಾಕುತ್ತಾರೆ, ಕೆಳಗೆ ನೆರಳಲ್ಲಿ ಓಡಾಡಬಹುದು. ಇಲ್ಲಿ ಬಳ್ಳಿ ಸೊಂಟದೆತ್ತರ ದಾಟುವುದಿಲ್ಲ. ಹೆಕ್ಟೇರಿಗೆ ಹತ್ತು ಸಾವಿರದಷ್ಟು ಗಿಡ, ಒತ್ತೊತ್ತಾಗಿ. ನೆಲವಂತೂ ಬರೀ ಬೆಣಚುಕಲ್ಲು. ನಮ್ಮ ಕಡೆಯ ರೈತರಾದರೆ ಈ ಭೂಮಿಯನ್ನು ದನ ಮೇಯಿಸಲೂ ಒಪ್ಪುವುದಿಲ್ಲ.

"ಅದೇ ಇದರ ಪುಣ್ಯ," ಅಂದಳು ಅವಳು. ನದಿ ತಂದು ಸುರಿದ ಈ ಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ, ಬೇರು ಆಳಕ್ಕೆ ಇಳಿಯಲೇಬೇಕು. ಹಗಲು ಕಾದ ಕಲ್ಲು ಸಂಜೆಯವರೆಗೂ ಗಿಡವನ್ನು ಬೆಚ್ಚಗಿಡುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯೋಂಗೆ ಬೇಕಾದ್ದು ಇದೇ. ಈ ತೋಟದ ಬಹುಪಾಲು ಅದೇ ತಳಿ.

ಕೊನೆಗೆ ಗೇಟು. ಅದರಾಚೆ ಸಾಲುಮರಗಳ ದಾರಿ, ದಾರಿಯ ತುದಿಯಲ್ಲಿ ಬಿಳಿ ಕಂಬಗಳ ಬಂಗಲೆ: ಶಾತೋ ಮಾರ್ಗೋ. ವಾಸ್ತುಶಿಲ್ಪಿ ಲೂಯಿ ಕೋಂಬ್ 1810ರ ದಶಕದಲ್ಲಿ ಗ್ರೀಕ್ ದೇವಾಲಯದ ಮಾದರಿಯಲ್ಲಿ ಕಟ್ಟಿದ್ದು. ಬಾಟಲಿಯ ಲೇಬಲ್ ಮೇಲಿರುವ ಚಿತ್ರವೂ ಇದೇ. ಮುಂಚೆ ಹೇಳದೆ ಬಂದವರಿಗೆ ಇಷ್ಟೇ ದರ್ಶನ. ಇಲ್ಲಿ ಅಂಗಡಿಯೂ ಇಲ್ಲ. ಬೋರ್ಡೋದ ವ್ಯಾಪಾರಿಗಳ ಮೂಲಕವೇ ವೈನ್ ಹೊರಜಗತ್ತಿಗೆ ಹೋಗುತ್ತದೆ. ಗೇಟಿನ ಸರಳು ಹಿಡಿದು ನಿಂತಾಗ, ಗರ್ಭಗುಡಿ ಬಾಗಿಲು ಹಾಕಿದ ಮೇಲೆ ಬಂದ ಭಕ್ತನ ಸ್ಥಿತಿ ನನ್ನದು.

ನಿಂತಲ್ಲೇ ಅವಳ ಪಾಠ ಶುರುವಾಯಿತು. 1855ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಬೋರ್ಡೋದ ದಲ್ಲಾಳಿಗಳು ಮಾರುಕಟ್ಟೆಯ ಬೆಲೆ ನೋಡಿ ವೈನ್‌ಗಳಿಗೆ ದರ್ಜೆ ಕಟ್ಟಿದರು. ಮೊದಲ ದರ್ಜೆ ಸಿಕ್ಕಿದ್ದು ನಾಲ್ಕಕ್ಕೆ, ಅದರಲ್ಲಿ ಇದೊಂದು. ಐದನೆಯದು ಸೇರಲು 1973 ಬರಬೇಕಾಯಿತು. ಮಾರ್ಕ್ಸ್ ಮಗಳು ಒಂದು ಪ್ರಶ್ನಾವಳಿಯಲ್ಲಿ "ಸುಖ ಅಂದರೇನು?" ಎಂದು ಕೇಳಿದಾಗ ಎಂಗೆಲ್ಸ್ ಕೊಟ್ಟ ಉತ್ತರ "ಶಾತೋ ಮಾರ್ಗೋ 1848". ಕ್ರಾಂತಿಯ ವರ್ಷದ್ದನ್ನೇ ಆರಿಸಿದ್ದು ನೋಡಿ, ಪುಣ್ಯಾತ್ಮ!

ಇಷ್ಟಿದ್ದೂ ಮನೆ ಸೋರಲು ಶುರುವಾಗಿತ್ತು. 1970ರ ದಶಕದಲ್ಲಿ ವೈನ್ ಬೆಲೆ ಕುಸಿದಾಗ ಒಡೆತನದ ಜಿನೆಸ್ತೆ ಕುಟುಂಬ ಮಾರಲು ಹೊರಟಿತು. ಅಮೆರಿಕದ ಕಂಪನಿಯೊಂದು ಕೊಳ್ಳಲು ಬಂದರೆ ಫ್ರೆಂಚ್ ಸರ್ಕಾರ ಬಿಡಲಿಲ್ಲ. 1977ರಲ್ಲಿ ಕೊಂಡವರು ಗ್ರೀಸ್‌ನಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಕಿರಾಣಿ ಅಂಗಡಿಗಳ ಸರಣಿ ನಡೆಸುತ್ತಿದ್ದ ಆಂದ್ರೆ ಮೆಂಟ್ಸೆಲೊಪೌಲೋಸ್. ನೀರು ಬಸಿದುಹೋಗುವ ವ್ಯವಸ್ಥೆ ಸರಿಮಾಡಿಸಿದರು, ಗಿಡ ನೆಡಿಸಿದರು, ಎಮಿಲ್ ಪೆನೋ ಎಂಬ ವೈನ್ ತಜ್ಞರನ್ನು ಕರೆಸಿದರು. ಮೂರೇ ವರ್ಷದಲ್ಲಿ, 1980ರಲ್ಲಿ, ತೀರಿಕೊಂಡರು. ಮುಂದೆ ನಡೆಸಿದ್ದು ಮಗಳು ಕೊರಿನ್.

ಆಂದ್ರೆ ಮರಳಿ ತಂದದ್ದು ಇನ್ನೊಂದಿದೆ. ಅದೇ ಎರಡನೇ ವೈನ್, ಪಾವಿಯೋಂ ರೂಜ್. ಆ ಹೆಸರು 1908ರದ್ದು, ನಡುವೆ ಕೆಲವು ದಶಕ ನಿಂತುಹೋಗಿತ್ತು.

"ಎರಡನೇದು ಅಂದ್ರೆ ಸೆಕೆಂಡ್ ಡಿಕಾಕ್ಷನ್ ಥರಾನಾ?" ಅಂದೆ. ನಮ್ಮ ಮನೆಯಲ್ಲಿ ಮೊದಲ ಡಿಕಾಕ್ಷನ್ ಅತಿಥಿಗಳಿಗೆ. ಅದೇ ಪುಡಿಗೆ ಮತ್ತೆ ಬಿಸಿನೀರು ಸುರಿದು ಇಳಿಸಿದ್ದು ನಮಗೆ.

ಅವಳು ನಕ್ಕಳು. ಅಂಥದ್ದೂ ಇಲ್ಲಿ ಇತ್ತಂತೆ. ಹಿಂಡಿದ ದ್ರಾಕ್ಷಿಯ ಸಿಪ್ಪೆಗೆ ನೀರು ಹಾಕಿ ಮತ್ತೆ ಹುದುಗಿಸಿ ತೋಟದ ಆಳುಗಳಿಗೆ ಕೊಡುತ್ತಿದ್ದ ಪಾನೀಯ, ಹೆಸರು ಪಿಕೆತ್. ಪಾವಿಯೋಂ ರೂಜ್ ಅದಲ್ಲ. ತೋಟದ ಬೇರೆ ಬೇರೆ ತಾಕುಗಳ ಹಣ್ಣನ್ನು ಬೇರೆ ಬೇರೆಯಾಗಿಯೇ ಹುದುಗಿಸುತ್ತಾರೆ. ಆಮೇಲೆ ಒಂದೊಂದರ ರುಚಿ ನೋಡುತ್ತಾ, ಇದು ಮೊದಲನೆಯದಕ್ಕೆ, ಇದು ಎರಡನೆಯದಕ್ಕೆ ಅಂತ ತೀರ್ಮಾನ. ಎಳೆಯ ಗಿಡದ್ದು, ಗಟ್ಟಿತನ ಸಾಲದ್ದು ಕೆಳಗಿಳಿಯುತ್ತದೆ. ಈಗೀಗ ಬೆಳೆಯ ಅರ್ಧಕ್ಕಿಂತ ಕಡಿಮೆ ಮಾತ್ರ ಮೊದಲ ವೈನಿಗೆ ದಾಟುತ್ತದೆ. 2009ರ ಬೆಳೆಯಿಂದ ಮೂರನೆಯದೂ ಬಂದಿರುವುದರಿಂದ ಎರಡನೆಯದರಲ್ಲೂ ಫೇಲಾಗುವವರು ಇದ್ದಾರೆ. ಮೊದಲನೆಯದರಲ್ಲಿ ಮಿಕ್ಕದ್ದು ಹಿಂದಿನಷ್ಟು ಸಲೀಸಾಗಿ ಈಗ ಪಾವಿಯೋಂಗೂ ಸೇರುವುದಿಲ್ಲ ಎಂಬುದು ಅವಳ ಲೆಕ್ಕ.

ಅಂದರೆ ಎರಡನೆಯದು ಇರುವುದರಿಂದಲೇ ಮೊದಲನೆಯದು ಅಷ್ಟು ಕಟ್ಟುನಿಟ್ಟಾಗಿರಲು ಸಾಧ್ಯ. ಬೇಡವೆಂದದ್ದನ್ನು ಸುರಿಯುವ ಗೌರವದ ಜಾಗ ಇಲ್ಲದಿದ್ದರೆ ಯಾವ ಮಾಲೀಕ ಅಷ್ಟೊಂದನ್ನು ಬೇಡ ಅಂದಾನು?

ಸಂಜೆ ಬೋರ್ಡೋದ ಸಣ್ಣ ವೈನ್ ಅಂಗಡಿಯೊಂದರಲ್ಲಿ ಪಾವಿಯೋಂ ರೂಜ್ ಲೋಟದ ಲೆಕ್ಕದಲ್ಲಿ ಸಿಕ್ಕಿತು. ಲೋಟ ಅನ್ನುವುದು ಮರ್ಯಾದೆಗೆ, ಇದ್ದದ್ದು ನಾಲ್ಕು ಗುಟುಕು. ಮೊದಲ ಗುಟುಕಿಗೆ ನನಗೆ ಏನೂ ತಿಳಿಯಲಿಲ್ಲ. ಎರಡನೆಯದಕ್ಕೆ ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಹಿಡಿಯುತ್ತದಲ್ಲ, ಆ ಒಗರು, ಆದರೆ ತೀರಾ ಮೆತ್ತಗೆ. ಅವಳು ಹೂವಿನ ವಾಸನೆ ಅಂದಳು. ನಾನು ಮೂಗು ತೂರಿಸಿ ಹುಡುಕಿದೆ. ಸಿಕ್ಕಹಾಗೂ ಆಯಿತು, ಇಲ್ಲದಹಾಗೂ.

"ಹಂಗಾದ್ರೆ ಮೊದಲನೇದು ಹೆಂಗಿರುತ್ತೆ?"

ಅವಳು ಬೆಲೆಪಟ್ಟಿಯನ್ನು ನನ್ನ ಕಡೆ ತಿರುಗಿಸಿದಳು. ನಾನು ಮೂರನೇ ಗುಟುಕನ್ನು ಇನ್ನೂ ಸಣ್ಣದಾಗಿ ಕುಡಿದೆ. ನಾಲ್ಕನೆಯದು ಅವಳಿಗೆ ಅಂತ ಲೋಟ ಸರಿಸಿದೆ. "ರಾತ್ರಿಗೆ ಕಾಫಿಪುಡಿ ಇದೆ ಮಾಮ," ಅಂದಳು, "ಆದ್ರೆ ಸೆಕೆಂಡ್ ಡಿಕಾಕ್ಷನ್ನಿಗೆ ಮಾತ್ರ ಸಾಕು."