ಕುತ್ತಿಗೆಗೆ ಯಾವ ಕಂಪನಿಯ ಡಿಸ್ಕ್ ಒಳ್ಳೇದು?

ಆಸ್ಪತ್ರೆಗಳಿಗೆ ಬೆನ್ನುಮೂಳೆಯ ಇಂಪ್ಲಾಂಟ್, ಅಂದರೆ ಮೈಯೊಳಗೆ ಕೂರಿಸುವ ಸಾಧನ, ತಲುಪಿಸುವ ಕೆಲಸ ನನ್ನದು. ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಕೆಟ್ಟಾಗ ಅದರ ಜಾಗಕ್ಕೆ ಹಾಕುವ ಆರ್ಟಿಫಿಷಿಯಲ್ ಡಿಸ್ಕ್ ಕೂಡ ಅದರಲ್ಲೊಂದು. ನನ್ನ ಕೆಲಸ ಗೊತ್ತಾದ ಕೂಡಲೇ ಜನ ಕೇಳುತ್ತಾರೆ: "ಕುತ್ತಿಗೆಗೆ ಆರ್ಟಿಫಿಷಿಯಲ್ ಡಿಸ್ಕ್ ಹಾಕಿಸಿ ಅಂತಿದ್ದಾರೆ ಡಾಕ್ಟ್ರು. ಯಾವ ಕಂಪನಿಯದು ಹಾಕಿಸೋಣ?"

ಬರೀ ಕಂಪನಿಯ ಹೆಸರು ನೋಡಿ ತೀರ್ಮಾನ ಮಾಡಬೇಡಿ ಅನ್ನುತ್ತೇನೆ ನಾನು. ಡಿಸ್ಕ್ ಕುತ್ತಿಗೆಯಲ್ಲಿ ಇರುವಷ್ಟು ಕಾಲ ಆ ಹೆಸರು ಇರುತ್ತದೆ ಅನ್ನುವಂತಿಲ್ಲ.

ಮೋಬಿ-ಸಿ ಅನ್ನುವ ಡಿಸ್ಕನ್ನೇ ನೋಡಿ. ಫ್ರಾನ್ಸಿನ ಎಲ್‌ಡಿಆರ್ ಕಂಪನಿ ಮಾಡಿದ್ದು. 2013ರಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅಕ್ಕಪಕ್ಕದ ಎರಡು ಡಿಸ್ಕ್ ಬದಲಿಸಲು ಅಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದೂ ಇದಕ್ಕೇ. 2016ರಲ್ಲಿ ಎಲ್‌ಡಿಆರ್ ಅನ್ನು ಜಿಮ್ಮರ್ ಬಯೋಮೆಟ್ ಕೊಂಡಿತು. 2022ರಲ್ಲಿ ಜಿಮ್ಮರ್‌ನ ಬೆನ್ನುಮೂಳೆ ವಿಭಾಗ ಬೇರೆಯಾಗಿ ಜಿಮ್‌ವೀ ಕಂಪನಿಗೆ ಸೇರಿತು. 2024ರಲ್ಲಿ ಕೈ ಬದಲಾಗಿ ಹೈರಿಡ್ಜ್ ಮೆಡಿಕಲ್. 11 ವರ್ಷದಲ್ಲಿ ನಾಲ್ಕು ಹೆಸರು. ಎಂ6-ಸಿ ಅನ್ನುವ ಇನ್ನೊಂದು ಡಿಸ್ಕಿನ ಕಥೆ ಇನ್ನೂ ಚಿಕ್ಕದು: 2019ರಲ್ಲಿ ಎಫ್‌ಡಿಎ ಒಪ್ಪಿಗೆ, 2025ರಲ್ಲಿ ಅದರ ಕಂಪನಿ ಆರ್ಥೊಫಿಕ್ಸ್ ಅದನ್ನು ನಿಲ್ಲಿಸುವುದಾಗಿ ಹೇಳಿತು.

ಹಾಗಾದರೆ ಏನು ನೋಡಬೇಕು? ಒಳಗಿನ ರಚನೆ. ಪ್ರೊಡಿಸ್ಕ್-ಸಿ ಸ್ಯಾಂಪಲ್ ಕೈಯಲ್ಲಿ ಹಿಡಿದರೆ ಹೆಬ್ಬೆರಳ ಉಗುರಿನಷ್ಟು. ಮೇಲೆ ಕೆಳಗೆ ಲೋಹದ ಬಿಲ್ಲೆ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಉಬ್ಬು. ಬೆರಳಿಂದ ಒತ್ತಿದರೆ ಬಿಲ್ಲೆ ಉಬ್ಬಿನ ಮೇಲೆ ನುಣ್ಣಗೆ ವಾಲುತ್ತದೆ. ಬಿಲ್ಲೆಯ ಬೆನ್ನ ಮೇಲೊಂದು ಏಣು. ಅದು ಕೂರಲು ಸರ್ಜನ್ ಮೂಳೆಯಲ್ಲಿ ಸಣ್ಣ ತೋಡು ಕೊರೆಯಬೇಕು. ಸಿಂಪ್ಲಿಫೈ ಡಿಸ್ಕ್‌ನಲ್ಲಿ ಬಿಲ್ಲೆಗಳು ಪೀಕ್ ಅನ್ನುವ ಪ್ಲಾಸ್ಟಿಕ್ಕಿನವು, ನಡುವೆ ಸೆರಾಮಿಕ್. ಹಾಗಾಗಿ ಆಮೇಲೆ ಎಂಆರ್‌ಐ ತೆಗೆಸಿದರೆ ಚಿತ್ರ ಜಾಸ್ತಿ ಕೆಡುವುದಿಲ್ಲ.

ಅದಕ್ಕಿಂತ ಮುಖ್ಯ ನಿಮ್ಮ ಕುತ್ತಿಗೆ. ಆರ್ಟಿಫಿಷಿಯಲ್ ಡಿಸ್ಕ್ ಬದಲು ಎರಡು ಮೂಳೆ ಬೆಸೆಯುವ ಫ್ಯೂಷನ್ 1950ರ ದಶಕದಿಂದಲೂ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೆಸೆದ ಜಾಗ ಅಲ್ಲಾಡುವುದಿಲ್ಲ, ಅಷ್ಟೇ. ಆ ಅಲ್ಲಾಟ ಉಳಿಸೋಕೇ ಡಿಸ್ಕ್ ಹಾಕೋದು. ಕುತ್ತಿಗೆ ಮೂಳೆಗಳ ಹಿಂಬದಿಯ ಕೀಲುಗಳು ತುಂಬಾ ಸವೆದಿದ್ದರೆ, ಮೂಳೆ ಟೊಳ್ಳಾಗಿದ್ದರೆ, ಎಷ್ಟು ದುಬಾರಿ ಡಿಸ್ಕ್ ತಂದರೂ ಅದು ನಿಮಗಲ್ಲ. "ನನ್ನ ಕುತ್ತಿಗೆಯ ಹಿಂಬದಿಯ ಕೀಲು ಹೇಗಿದೆ? ಈ ಡಿಸ್ಕನ್ನು ನೀವು ಎಷ್ಟು ಜನಕ್ಕೆ ಹಾಕಿದ್ದೀರಿ?" ಸಂಕೋಚ ಬೇಡ, ಡಾಕ್ಟರನ್ನು ಕೇಳಿಬಿಡಿ.

ಆಪರೇಷನ್ ಆದಮೇಲೆ ಬಾಕ್ಸಿನ ಸ್ಟಿಕ್ಕರ್ ಕೇಳಿ ಪಡೆಯಿರಿ. ಡಿಸ್ಕಿನ ಹೆಸರು, ಸೈಜು, ಯಾವ ಬ್ಯಾಚಿನಲ್ಲಿ ತಯಾರಾದದ್ದು ಅಂತ ಹೇಳುವ ಲಾಟ್ ನಂಬರ್ ಎಲ್ಲಾ ಅದರಲ್ಲೇ ಇರುತ್ತದೆ. ಒಂದನ್ನು ಕೇಸ್‌ಶೀಟಿಗೆ ಅಂಟಿಸುತ್ತಾರೆ, ಇನ್ನೊಂದು ನಿಮ್ಮ ಫೈಲಿನಲ್ಲಿರಲಿ, ಫೋನಿನಲ್ಲೂ ಒಂದು ಫೋಟೋ ಇರಲಿ. ವರ್ಷಗಳ ಹಿಂದೆ ಡಿಸ್ಕ್ ಹಾಕಿಸಿದ್ದ ಮೇಡಂ ಒಬ್ಬರು ಎಂಆರ್‌ಐಗೆ ಬಂದಿದ್ದರು. ಒಳಗೆ ಯಾವ ಡಿಸ್ಕ್ ಇದೆ ಅಂತ ಅಲ್ಲಿ ಕೇಳಿದರು. ಅವರ ಹತ್ತಿರ ಇದ್ದದ್ದು ಒಂದು ಹಳೇ ಎಕ್ಸ್‌ರೇ. ಅದರಲ್ಲಿ ಕಂಡ ಏಣಿನ ನೆರಳು ನೋಡಿ ಡಿಸ್ಕ್ ಯಾವುದು ಅಂತ ಊಹಿಸಿದೆವು. ಲಾಟ್ ನಂಬರ್ ಮಾತ್ರ ಕೊನೆಗೂ ಸಿಗಲಿಲ್ಲ.